ಅಕ್ಕನಿಗೆ ನಾನು ಬರಿಸಿದ ಕಾಯಿಲೆ

ಅತ್ತೆ ಬರಿಗೈಯಲ್ಲಿ ಬಂದರೆ ಸಹಿಸಿಕೊಳ್ಳಬಹುದು. ಏನಾದರೂ ಹೊತ್ತು ತಂದಳೋ, ಹುಷಾರಾಗಿರಬೇಕು. ಅತ್ತೆ ಎಂದರೆ ಅಪ್ಪನ ಅಕ್ಕ. ಬೋಡಿನಾಯಕನೂರಿನಲ್ಲಿ ಮನೆ, ಅವಳ ಗಂಡ ಮೇಲಿನ ಬೆಟ್ಟದ ಏಲಕ್ಕಿ ತೋಟದಲ್ಲಿ ಗುಮಾಸ್ತ. ಆ ಸಲ ಉತ್ತಮಪಾಳಯಂ ಬಸ್ಸಿನಿಂದ ಇಳಿದಾಗ ಅವಳ ಒಂದು ಕೈಯಲ್ಲಿ ಟ್ರಂಕು, ಇನ್ನೊಂದು ಕೈಯಲ್ಲಿ ಮುಚ್ಚಳವಿದ್ದ ತಗಡಿನ ಬಕೆಟ್ಟು. ಟ್ರಂಕು ಕಂಡ ಕೂಡಲೇ ಅವ್ವನ ಮುಖ ಬಾಡಿತು. ಟ್ರಂಕಿನ ಗಾತ್ರ ನೋಡಿಯೇ ಅತ್ತೆ ಎಷ್ಟು ದಿನ ಇರುತ್ತಾಳೆಂದು ಅವ್ವ ಹೇಳಬಲ್ಲಳು. ಅದು ಹದಿನೈದು ದಿನದ ಟ್ರಂಕು.

"ಅದೇನತ್ತೆ, ಹಾಲು ಕರೆಯೋ ಬಕೆಟ್ಟಾ?" ಎಂದೆ.

"ಮುಟ್ಟಬೇಡ ಪುಳ್ಳೆ. ಬ್ರೆಡ್ ಮಿಷಿನ್ನು ಅದು. ದೊರೆ ಬಂಗಲೇದು." ಪುಳ್ಳೆ ಎಂದರೆ ನಮ್ಮ ಕಡೆ ಹುಡುಗಿ.

ತೋಟದ ಬಿಳಿ ದೊರೆ ಎಲ್ಲವನ್ನೂ ಮಾರಿ ಹಡಗು ಹತ್ತಿದ್ದನಂತೆ. ಬಂಗಲೆಯ ಸಾಮಾನು ಹಂಚಿಹೋದಾಗ ಒಬ್ಬರಿಗೆ ಮಂಚ ಬಂತು, ಒಬ್ಬರಿಗೆ ನಾಯಿ ಬಂತು, ಅತ್ತೆಯ ಗಂಡನಿಗೆ ಈ ಬಕೆಟ್ಟು. ಬಕೆಟ್ಟಿನ ಒಳಗೆ ಹಂದಿಯ ಬಾಲದಂತೆ ಸುರುಳಿಯಾದ ಕಬ್ಬಿಣದ ಕಂಬಿ. ಮೇಲೆ ತಿರುಗಿಸುವ ಹಿಡಿ. ಕೆಳಗೆ ಮೇಜಿಗೆ ಕಚ್ಚಿಸುವ ತಿರುಪು. ಹಿಟ್ಟು, ನೀರು ಹಾಕಿ ಹಿಡಿ ತಿರುಗಿಸಿದರೆ ಕೈಗೆ ಅಂಟದೆ ಹಿಟ್ಟು ನಾದಿಕೊಳ್ಳುತ್ತದೆ. ಇಷ್ಟಕ್ಕೆ ಮಿಷಿನ್ನು ಎಂಬ ಹೆಸರು. ನಮ್ಮವ್ವನಿಗೆ ಎರಡು ಕೈಗಳಿದ್ದವು, ಅವನ್ನು ಯಾರೂ ಮಿಷಿನ್ನು ಎಂದಿರಲಿಲ್ಲ.

ಅತ್ತೆ ಆಗ ಬಂದದ್ದಕ್ಕೆ ಕಾರಣವಿತ್ತು. ಮುಂದಿನ ವಾರ ಅಕ್ಕನನ್ನು ನೋಡಲು ದಿಂಡುಗಲ್ಲಿನಿಂದ ಗಂಡಿನ ಕಡೆಯವರು ಬರುವವರಿದ್ದರು. ಅವರೂ ನಮ್ಮವರೇ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಗಂಡಿನ ಮನೆಯವರಿಗೆ ಬೀಗದ ಅಂಗಡಿ. ಅಕ್ಕನಿಗೆ ಬೀಗವೂ ಬೇಕಿರಲಿಲ್ಲ, ಗಂಡೂ ಅಷ್ಟಾಗಿ ಬೇಕಿರಲಿಲ್ಲ. ಮದುವೆಯಾದ ಮೇಲೆ ದಿಂಡುಗಲ್ಲಿನ ಟೀಚರ್ ಟ್ರೈನಿಂಗ್ ಸ್ಕೂಲಿಗೆ ಕಳಿಸುತ್ತೇವೆಂದು ಅವರು ಹೇಳಿ ಕಳಿಸಿದ್ದರು, ಆ ಒಂದು ಮಾತಿಗೆ ಅಕ್ಕ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟನ್ನು ದಿಂಬಿನ ಕೆಳಗಿಟ್ಟು ಮಲಗುತ್ತಿದ್ದಳು. ಈ ಸಂಬಂಧ ತಪ್ಪಿದರೆ ಅವಳು ಅತ್ತೆಯ ಮಗನಿಗೆ. ನಮ್ಮಲ್ಲಿ ಅತ್ತೆಯ ಮಗನಿಗೆ ಹಕ್ಕಿದೆ. ಹೊರಗಿನ ಗಂಡು ಬಾರದಿದ್ದರೆ ಅವನನ್ನು ಬೇಡವೆನ್ನಲು ಅಪ್ಪನಿಗೆ ಬಾಯಿಲ್ಲ. ಅತ್ತೆಯ ಮಗ ಏಲಕ್ಕಿ ಒಣಗಿಸುವ ಕೋಣೆಯಲ್ಲಿ ಕೆಲಸಕ್ಕಿದ್ದ. ಅವನು ಪಕ್ಕದಲ್ಲಿ ಕೂತರೆ ಪಾಯಸದ ನೆನಪಾಗುತ್ತಿತ್ತು, ಬಾಯಿ ತೆರೆದರೆ ಪಾಯಸದ ಮೇಲಿನ ಆಸೆಯೇ ಹೋಗುತ್ತಿತ್ತು.

"ಏಲಕ್ಕಿ ಆರಿಸೋಕೆ ಎಸ್ಸೆಸ್ಸೆಲ್ಸಿ ಯಾಕೆ?" ಎಂದು ಅತ್ತೆ ಬಂದ ದಿನವೇ ಅಕ್ಕನ ಮುಖಕ್ಕೆ ಹೇಳಿದಳು.

"ನಾನು ಆರಿಸೋದಿಲ್ವಲ್ಲ," ಎಂದಳು ಅಕ್ಕ.

"ನೋಡಾಣ, ನೋಡಾಣ."

ಈಗ ನನಗೆ ಹದಿನಾರು. ಆಗ ಹದಿನಾಲ್ಕು, ಆದರೆ ಬುದ್ಧಿ ಇಪ್ಪತ್ತೈದರದ್ದು. ಅಕ್ಕನ ಮದುವೆ ದಿಂಡುಗಲ್ಲಿಗೇ ಆಗಬೇಕೆಂದು ನನಗೂ ಆಸೆಯಿತ್ತು. ಅವಳ ಮೇಲಿನ ಪ್ರೀತಿಯಿಂದೇನಲ್ಲ. ನಮ್ಮಿಬ್ಬರ ನಡುವೆ ಇದ್ದದ್ದು ಒಂದೇ ಕನ್ನಡಿ. ಅಕ್ಕ ಅದರ ಮುಂದೆ ಕೂತರೆ ಒಂದು ಬೆಳೆ ಕೊಯ್ಲಾಗಿ ಇನ್ನೊಂದು ನಾಟಿಯಾಗುತ್ತಿತ್ತು. ನನ್ನ ಮುಖಕ್ಕೆ ಕನ್ನಡಿ ಬೇಕಿಲ್ಲವೆಂದೂ, ತಾಮ್ರದ ಚೊಂಬಿನ ಹಿಂಭಾಗ ಸಾಕೆಂದೂ ಅವಳು ಹೇಳುತ್ತಿದ್ದಳು. ಅವಳು ದಿಂಡುಗಲ್ಲಿಗೆ ಹೋದರೆ ಕನ್ನಡಿ ನನ್ನದು. ಅತ್ತೆಯ ಮನೆಗೆ, ಬೋಡಿಗೆ ಹೋದರೆ ವಾರಕ್ಕೊಮ್ಮೆ ಅಳುತ್ತಾ ತವರಿಗೆ ಬರುತ್ತಾಳೆ, ಕನ್ನಡಿಯ ಮುಂದೆಯೇ ಅಳುತ್ತಾಳೆ.

ಅತ್ತೆ ಮೂರನೆಯ ದಿನ ನನ್ನನ್ನು ಹಿತ್ತಿಲಿಗೆ ಕರೆದು ದನಿ ಇಳಿಸಿದಳು. "ದಿಂಡುಗಲ್‌ನೋರು ಟೌನಿನ ಜನ. ಕಾಫಿ ಜೊತೆ ದಿನಾ ಬ್ರೆಡ್ಡೇ ತಿನ್ನೋದು. ನಿಮ್ಮವ್ವ ಅವರ ಮುಂದೆ ಪಣಿಯಾರ ಇಟ್ಟು ಮಾನ ಕಳೀತಾಳೆ. ನಿನಗೆ ತಲೆ ಐತೆ. ಮಿಷಿನ್ನು ಇಲ್ಲೇ ಐತೆ."

ನನಗೆ ತಲೆ ಇದೆಯೆಂದು ಆ ಮನೆಯಲ್ಲಿ ಯಾರೂ ಅದುವರೆಗೆ ಹೇಳಿರಲಿಲ್ಲ. ಅದೇ ನನ್ನನ್ನು ಕೆಡಿಸಿತು.

ಬ್ರೆಡ್ಡಿನ ವಿಷಯ ನನಗೆ ಗೊತ್ತಿಲ್ಲವೆಂದಲ್ಲ. ನಮ್ಮ ಕಡೆ ಬ್ರೆಡ್ಡು ಎಂದರೆ ಜ್ವರದ ಊಟ. ಉತ್ತಮಪಾಳಯಂನಲ್ಲಿ ಅದು ಸಿಗುತ್ತಿದ್ದುದು ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ, ಕಿತ್ತಳೆ ಹಣ್ಣಿನ ಪಕ್ಕದಲ್ಲಿ. ಒಂದು ಸಲ ಅಪ್ಪ ಆಸೆಗೆಂದು ಒಂದು ಬ್ರೆಡ್ಡು ಕೊಂಡು ಟೌನ್ ಬಸ್ಸು ಹತ್ತಿದ್ದರು. ಕಂಡಕ್ಟರು ಟಿಕೆಟ್ಟು ಹರಿಯುವ ಮೊದಲು, "ಯಾರಣ್ಣಾ, ಎಷ್ಟು ದಿನ ಆಯ್ತು ಮಲಗಿ?" ಎಂದು ಕೇಳಿದ. ಪಕ್ಕದವರು ಎದ್ದು ಸೀಟು ಬಿಟ್ಟರು. ಬಸ್ಸು ನಮ್ಮೂರು ಮುಟ್ಟುವಷ್ಟರಲ್ಲಿ ನಮ್ಮಜ್ಜಿ ಸತ್ತಳೆಂದು ಸುದ್ದಿ ಹಬ್ಬಿ, ಅಜ್ಜಿಯೇ ಬಾಗಿಲಲ್ಲಿ ನಿಂತು ಬಂದವರನ್ನು ಬೈದು ಕಳಿಸಬೇಕಾಯಿತು. ಇದೆಲ್ಲ ಹಳ್ಳಿಯವರ ಮಾತು, ದಿಂಡುಗಲ್ಲಿನವರು ಬೇರೆ ಎಂದು ನಾನು ನಂಬಿದೆ. ಅತ್ತೆ ಹೇಳಿದ್ದಳಲ್ಲ.

ಅವ್ವ ನಂಬಲಿಲ್ಲ. "ಮನೇಲಿ ಯಾರೂ ಸಾಯ್ತಾ ಇಲ್ಲ, ಬ್ರೆಡ್ಡು ಯಾಕೆ?" ಎಂದಳು.

"ನೀವು ಹಿಂಗೇ ಇದ್ರೆ ಎಮ್ಮೆ ವ್ಯಾಪಾರದೋರೂ ನಿಮ್ಮ ಮನೆಗೆ ಹೆಣ್ಣು ಕೇಳೋಕೆ ಬರಲ್ಲ," ಎಂದೆ. ಸೌಟು ಬಂತು. ತಪ್ಪಿಸಿಕೊಂಡೆ.

ಆ ಕಾಲದಲ್ಲಿ ರೇಷನ್ ಅಂಗಡಿಯಲ್ಲಿ ಅಕ್ಕಿ ಸಾಲದೆ ಮೈದಾ ಕೊಡುತ್ತಿದ್ದರು. ಮೈದಾ ಎಂದರೆ ನಮ್ಮೂರಲ್ಲಿ ಸಿನಿಮಾ ಪೋಸ್ಟರು ಅಂಟಿಸುವ ಗೋಂದು, ಅದನ್ನು ತಿನ್ನುತ್ತಿದ್ದುದು ಪೋಸ್ಟರು ಮೇಯುವ ಮೇಕೆಗಳು ಮಾತ್ರ. ನಾನು ಅದನ್ನು ಬಕೆಟ್ಟಿಗೆ ಸುರಿದೆ. ಉಬ್ಬಿಸುವುದಕ್ಕೆ ದೊರೆಯ ಅಡುಗೆಯವ ಡಬ್ಬಿಯ ಪುಡಿ ಏನೋ ಹಾಕುತ್ತಿದ್ದನಂತೆ. ನಮ್ಮಲ್ಲಿದ್ದದ್ದು ಹುಳಿ ಬಂದ ಇಡ್ಲಿ ಹಿಟ್ಟು, ಅದನ್ನೇ ಹಾಕಿದೆ. ಮಿಷಿನ್ನನ್ನು ಕಚ್ಚಿಸಲು ಮೇಜು ಬೇಕು. ನಮ್ಮ ಮನೆಯಲ್ಲಿ ಮೇಜೆಂಬ ವಸ್ತುವೇ ಇರಲಿಲ್ಲ. ಅಂಗಳದಲ್ಲಿ ನಿಂತಿದ್ದ ಎತ್ತಿನ ಗಾಡಿಯ ಹಲಗೆಗೆ ಕಚ್ಚಿಸಿದೆ. ಹಿಡಿ ತಿರುಗಿಸಿದಾಗಲೆಲ್ಲ ಗಾಡಿ ಕಿರುಗುಟ್ಟಿ ಮುಂದೆ ಹಿಂದೆ ಆಡಿತು. ಕೊಟ್ಟಿಗೆಯಲ್ಲಿದ್ದ ಎತ್ತುಗಳು ತಮ್ಮನ್ನು ಬಿಟ್ಟು ಗಾಡಿ ಎಲ್ಲಿಗೆ ಹೊರಟಿತೆಂದು ಎದ್ದು ನಿಂತವು. ಸುಳ್ಳಲ್ಲ, ಎರಡೂ ಎದ್ದು ನಿಂತವು.

ನಾದಿದ ಹಿಟ್ಟನ್ನು ಬಕೆಟ್ಟಿನ ಸಮೇತ ಬೆಚ್ಚಗಿರಲೆಂದು ಹುಲ್ಲಿನ ಬಣವೆಯೊಳಗೆ ಹೂಳಿದೆ. ಭತ್ತ ಬೇಯಿಸುವ ಅಂಡೆಯ ತಳಕ್ಕೆ ಮರಳು ಹರಡಿ, ಅದರ ಮೇಲೆ ಹಿಟ್ಟಿನ ತಪ್ಪಲೆಯಿಟ್ಟು, ಅಂಡೆ ಮುಚ್ಚಿ, ಮುಚ್ಚಳದ ಮೇಲೆ ತೆಂಗಿನ ಕರಟದ ಕೆಂಡ. ಮೊದಲನೆಯ ಬ್ರೆಡ್ಡು ಹೊರಗೆ ಬಂದಾಗ ಅದನ್ನು ಕತ್ತರಿಸಲು ಅಪ್ಪ ಕುಡುಗೋಲು ತಂದರು, ಕುಡುಗೋಲಿನ ಬಾಯಿ ಮಡಚಿತು. ಎರಡನೆಯದು ಒಳಗೆ ಹಸಿಯಾಗಿತ್ತು. ಕರುವಿಗೆ ಹಾಕಿದೆವು, ಅದು ಒಂದು ದಿನವೆಲ್ಲ ದವಡೆ ಬಿಡಿಸಿಕೊಳ್ಳಲಾಗದೆ ನಮ್ಮನ್ನೇ ನೋಡುತ್ತಾ ನಿಂತಿತ್ತು. ಮೂರನೆಯದಕ್ಕೆ ಅಕ್ಕನೇ ಬಂದು ಕೆಂಡ ಊದಿದಳು.

"ಇದು ಕೆಟ್ಟರೆ ನಿನ್ನನ್ನೇ ಅಂಡೇಲಿ ಇಟ್ಟು ಮುಚ್ತೀನಿ," ಎಂದಳು.

"ನಾನು ಬೆಂದರೆ ನಿನಗಿಂತ ರುಚಿಯಾಗಿ ಇರ್ತೀನಿ."

ಮೂರನೆಯದು ಉಬ್ಬಿತು. ನೆತ್ತಿ ಕೆಂಪಾಗಿ, ಬದಿ ಮೆತ್ತಗಾಗಿ, ಆಸ್ಪತ್ರೆಯ ಎದುರಿನ ಬ್ರೆಡ್ಡಿಗಿಂತ ಎರಡು ಪಾಲು ಎತ್ತರ. ನಾಲ್ಕು ಪಾಲೆಂದೇ ನಾನು ಹೇಳುತ್ತಿದ್ದೆ. ಅದೇ ಅದೃಷ್ಟದ ಕೈಯಲ್ಲಿ ಗಂಡಿನ ಕಡೆಯವರು ಬರುವ ದಿನ ಬೆಳಿಗ್ಗೆ ಇನ್ನೊಂದನ್ನು ಬೇಯಿಸಿದೆ.

ಅವರು ಬತ್ತಲಗುಂಡಿನಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನಕ್ಕೆ ಬಂದರು. ಗಂಡು, ಗಂಡಿನ ತಾಯಿ, ಜೊತೆಗೆ ಮಾತೇ ಆಡದ ಒಬ್ಬ ಚಿಕ್ಕಪ್ಪ. ಗಂಡಿನ ತಾಯಿ ದಪ್ಪ ಕನ್ನಡಕದ, ಎಲ್ಲವನ್ನೂ ಎರಡು ಸಲ ನೋಡುವ ಹೆಂಗಸು. ಹೊಸ್ತಿಲಲ್ಲೇ ನಿಂತು ಮೂಗರಳಿಸಿದಳು.

"ಏನವ್ವಾ, ಮನೇಲಿ ಯಾರಿಗೆ ಸೀಕು?"

"ಯಾರಿಗೂ ಇಲ್ಲ, ಎಲ್ಲಾ ಚೆನ್ನಾಗವ್ರೆ. ಒಳಗೆ ಬನ್ನಿ," ಎಂದಳು ಅವ್ವ.

ಅತ್ತೆ ಕಂಬಕ್ಕೆ ಒರಗಿ ಎಲೆಗೆ ಸುಣ್ಣ ಸವರುತ್ತಿದ್ದಳು. ನಾನು ಬ್ರೆಡ್ಡನ್ನು ಹೋಳು ಮಾಡಿ, ಹಿತ್ತಾಳೆ ತಟ್ಟೆಯಲ್ಲಿ ಜೋಡಿಸಿ, ಮೆರವಣಿಗೆಯಂತೆ ಹೊರಟೆ.

"ಬ್ರೆಡ್ಡಾ?" ಎಂದಳು ಗಂಡಿನ ತಾಯಿ.

"ಆಮಾ, ಬ್ರೆಡ್ಡೇ. ಮನೇಲೇ ಮಾಡಿದ್ದು."

"ಯಾರಿಗೋಸ್ಕರ?"

ಇಲ್ಲಿ ನಾನು 'ನಿಮಗೆ' ಅಂತ ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅಕ್ಕನನ್ನು ಟೌನಿನವಳನ್ನಾಗಿ ಮಾಡುವ ಹುಮ್ಮಸ್ಸು ನನಗೆ.

"ಅಕ್ಕನಿಗೆ. ಅವಳು ಬ್ರೆಡ್ಡು ಬಿಟ್ಟು ಬೇರೇನೂ ಮುಟ್ಟಲ್ಲ."

ಕನ್ನಡಕ ನನ್ನ ಕಡೆ ತಿರುಗಿತು. "ಎಷ್ಟು ದಿನದಿಂದ, ಕಂದಾ?"

"ದಿನವಾ? ಎರಡು ವರ್ಷ ಆಯ್ತು."

"ಅಯ್ಯೋ. ಹಾಲಲ್ಲಿ ಅದ್ದಿ ಕೊಡ್ತೀರಾ?"

"ಹಾಲಲ್ಲೇ. ಇಲ್ಲದಿದ್ರೆ ಅವಳ ಗಂಟಲಲ್ಲಿ ಇಳಿಯೋದೇ ಇಲ್ಲ."

"ಅನ್ನ?"

"ಅನ್ನ ಅವಳಿಗೆ ಸೇರಲ್ಲ," ಎಂದೆ. ಅನ್ನ ಸೇರದವರು ನನ್ನ ಲೆಕ್ಕದಲ್ಲಿ ದೊರೆಗಳು. "ಅಂಗಡಿ ಬ್ರೆಡ್ಡು ಸಾಲದು ಅಂತ ಬೆಟ್ಟದ ಬಂಗಲೆಯಿಂದ ಮಿಷಿನ್ನೇ ತರಿಸಿದೀವಿ. ಜಿಲ್ಲೇಲಿ ಬೇರೆ ಯಾರ ಮನೇಲೂ ಇಲ್ಲ."

ಅಪ್ಪ ಟವೆಲ್ಲಿನಿಂದ ಒರೆಸಿದ ಮುಖವನ್ನೇ ಮತ್ತೆ ಒರೆಸಿದರು. ಅಷ್ಟು ಹೊತ್ತಿಗೆ ಅಕ್ಕ ಕಾಫಿ ತಂದಳು. ಬೆಳಿಗ್ಗೆಯಿಂದ ಕರಟದ ಕೆಂಡ ಊದಿ ಊದಿ ಗಂಟಲು ಕಟ್ಟಿತ್ತು, ಕಣ್ಣು ಕೆಂಪಾಗಿತ್ತು. ಮೊದಲೇ ಕಡ್ಡಿಯಂಥ ಮೈ. ಲೋಟ ಚಾಚಿ, ಮುಖ ಪಕ್ಕಕ್ಕೆ ತಿರುಗಿಸಿ, ಖೊಳ್ಳನೆ ಕೆಮ್ಮಿದಳು.

"ಹೊಗೆ, ಹೊಗೆ ಅಷ್ಟೇ," ಎಂದು ಅತ್ತೆ ಧಾವಿಸಿ ಬಂದಳು. "ಬೇರೆ ಏನೂ ಇಲ್ಲವ್ವಾ. ಎದೆಗೂ ಇದಕ್ಕೂ ಸಂಬಂಧವೇ ಇಲ್ಲ. ನೀವು ತಪ್ಪು ತಿಳೀಬೇಡಿ. ರಕ್ತಗಿಕ್ತ ಏನೂ ಇಲ್ಲ."

ರಕ್ತದ ಮಾತನ್ನು ಅಲ್ಲಿ ಯಾರೂ ಎತ್ತಿರಲಿಲ್ಲ. ಅತ್ತೆ ಇಲ್ಲ ಇಲ್ಲ ಎನ್ನುತ್ತಲೇ ಒಂದೊಂದಾಗಿ ಎಲ್ಲ ಕಾಯಿಲೆಗಳನ್ನೂ ನಡುಮನೆಗೆ ಕರೆತಂದು ಕೂರಿಸಿದಳು. ಗಂಡಿನ ತಾಯಿ ಕಾಫಿ ಲೋಟವನ್ನು ಸೆರಗಿನ ತುದಿಯಲ್ಲಿ ಹಿಡಿದು ಕೆಳಗಿಟ್ಟಳು. ಬ್ರೆಡ್ಡು ಯಾರೂ ಮುಟ್ಟಲಿಲ್ಲ. ಮೂರು ಗಂಟೆಯ ಬಸ್ಸಿಗೆ ಹೋಗಬೇಕಾಗಿದ್ದವರು ಎರಡರ ಬಸ್ಸಿಗೇ ಹೋದರು.

ಅವರು ತಿರುವು ದಾಟುವವರೆಗೂ ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ತಟ್ಟೆಯಲ್ಲಿದ್ದ ಒಂಬತ್ತು ಹೋಳು ಬ್ರೆಡ್ಡಿನಲ್ಲಿ ಎಂಟನ್ನು ನನ್ನ ಬಾಯಿಗೆ ತುರುಕಿದಳು. ಒಂಬತ್ತನೆಯದಕ್ಕೆ ಜಾಗವಿರಲಿಲ್ಲ.

ನಾಲ್ಕನೆಯ ದಿನ ಕಾರ್ಡು ಬಂತು. ಹುಡುಗಿ ಮೊದಲು ಗುಣವಾಗಲಿ, ಮಧುರೆಯಲ್ಲಿ ಎದೆಗೆ ಒಳ್ಳೆಯ ಡಾಕ್ಟರಿದ್ದಾರೆ ಎಂದು ಬರೆದಿತ್ತು. ಅಪ್ಪ ಅದನ್ನು ಎರಡು ಸಲ ಓದಿ ಜೇಬಿಗಿಟ್ಟರು. ಅತ್ತೆ ಆ ಸಂಜೆಯೇ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಅಪ್ಪನ ಮುಂದೆ ಕೂತಳು.

"ಊರು ಏನಂದ್ರೂ ನಾವು ಬಿಟ್ಟುಕೊಡೋರಲ್ಲ ತಮ್ಮಾ. ಸೀಕು ಇದ್ರೂ ನಮ್ಮ ಹುಡುಗಿಯೇ. ನನ್ನ ಮಗ ಅವ್ನೆ."

"ನಂಗೆ ಸೀಕು ಇಲ್ಲ!" ಎಂದು ಅಕ್ಕ ಒಳಗಿನಿಂದ ಕಿರುಚಿದಳು.

"ಕೂಗಬೇಡವ್ವಾ, ಎದೆ ನೋಯ್ತದೆ," ಎಂದಳು ಅತ್ತೆ.

ಅಪ್ಪ ತಟ್ಟೆ ಮುಟ್ಟಲಿಲ್ಲ, ಬೇಡವೆಂದೂ ಹೇಳಲಿಲ್ಲ. ನಾಳೆ ಹೇಳ್ತೀನಿ ಎಂದರು. ನಾಳೆ ಎಂದರೆ ಅಪ್ಪನ ಬಾಯಲ್ಲಿ ಹೂಂ ಎಂದೇ ಅರ್ಥವೆಂದು ಅಕ್ಕನಿಗೆ ಗೊತ್ತಿತ್ತು. ಬೆಳಿಗ್ಗೆ ಮೊದಲ ಬಸ್ಸಿಗೆ ಅವಳು ಸರ್ಟಿಫಿಕೇಟನ್ನು ರವಿಕೆಯೊಳಗೆ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ನನ್ನ ಜಡೆ, ಇನ್ನೊಂದು ಕೈಯಲ್ಲಿ ಅಪ್ಪನ ಮೇಲುವಸ್ತ್ರ ಹಿಡಿದು ಹೊರಟಳು. ಹೆಣ್ಣೇ ಗಂಡಿನ ಮನೆಗೆ ಹೋಗುವುದುಂಟೇ ಎಂದು ಅಪ್ಪ ತೇನಿಯವರೆಗೆ ಕೇಳಿದರು. ತೇನಿಯಿಂದ ಬತ್ತಲಗುಂಡಿನವರೆಗೆ ತಮ್ಮನ್ನೇ ಕೇಳಿಕೊಂಡರು. ಆಮೇಲೆ ನಿದ್ದೆ ಹೋದರು.

ದಿಂಡುಗಲ್ಲಿನ ಮನೆಯ ಬಾಗಿಲು ತೆರೆದದ್ದು ಗಂಡಿನ ತಾಯಿಯೇ. ಅಕ್ಕನನ್ನು ಕಂಡು ಸೆರಗನ್ನು ಮೂಗಿಗೆ ಹಿಡಿದಳು. ಅಕ್ಕ ನನ್ನನ್ನು ಮುಂದಕ್ಕೆ ತಳ್ಳಿದಳು.

"ಹೇಳು."

"ನಾನು ಹೇಳಿದ್ದು ಸುಳ್ಳು," ಎಂದೆ. "ಅಕ್ಕ ಬ್ರೆಡ್ಡು ತಿಂದಿಲ್ಲ. ಅನ್ನವೇ ತಿನ್ನೋದು. ನನ್ನ ಪಾಲನ್ನೂ ಅವಳೇ ತಿಂತಾಳೆ."

"ಯಾಕೆ ಸುಳ್ಳು ಹೇಳಿದೆ?"

"ನೀವು ಟೌನಿನೋರು, ಕಾಫಿ ಜೊತೆ ಬ್ರೆಡ್ಡು ತಿಂತೀರಿ ಅಂದ್ಕೊಂಡೆ."

"ನಾವಾ? ನಮ್ಮ ಮನೇಲಿ ಕೊನೇ ಸಲ ಬ್ರೆಡ್ಡು ಬಂದದ್ದು ನಮ್ಮ ಮಾವ ಸಾಯೋ ವಾರ." ಅವಳು ಕನ್ನಡಕ ಸರಿಮಾಡಿಕೊಂಡಳು. "ಅವತ್ತು ಹೇಳಿದ್ದು ಸುಳ್ಳು ಅಂದ್ರೆ, ಇವತ್ತು ಹೇಳೋದು ಯಾಕೆ ನಿಜ ಆಗಬೇಕು ಪುಳ್ಳೆ?"

ಅಕ್ಕ ಸುತ್ತ ನೋಡಿದಳು. ಹಜಾರದ ಮೂಲೆಯಲ್ಲಿ ರುಬ್ಬುವ ಕಲ್ಲು, ಪಕ್ಕದಲ್ಲಿ ನೆನೆಸಿಟ್ಟ ಅಕ್ಕಿ, ಉದ್ದು. ಯಾರನ್ನೂ ಕೇಳದೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳು.

"ನನ್ನ ಎದೇಲಿ ಏನೈತೆ ಅಂತ ನೋಡ್ಕೊಳ್ಳಿ," ಎಂದಳು.

ಗಂಡಿನ ತಾಯಿ ಎದುರಿಗೆ ಮಣೆ ಹಾಕಿಕೊಂಡು ಕೂತಳು, ಕೆಮ್ಮು ಎಣಿಸಲು ಬೆರಳು ಮಡಚಿಕೊಂಡು. ಆ ಕಲ್ಲು ಆನೆಯ ಮೊಣಕಾಲಿನಷ್ಟು ದಪ್ಪ. ಅಕ್ಕ ತಿರುಗಿಸಿದಳು. ಒಂದೊಂದು ಸುತ್ತಿಗೂ ನನ್ನ ಕಡೆ ಒಂದು ನೋಟ. ಕಲ್ಲಿನ ಕೆಳಗೆ ಅವಳು ಅರೆಯುತ್ತಿದ್ದುದು ಅಕ್ಕಿಯನ್ನಲ್ಲ, ನನ್ನನ್ನೇ ಎಂದು ಅಲ್ಲಿದ್ದ ಎಲ್ಲರಿಗೂ ಅರ್ಥವಾಯಿತು. ನಮ್ಮಪ್ಪ ಕೂಡ ಸ್ವಲ್ಪ ಪಕ್ಕಕ್ಕೆ ಸರಿದು ಕೂತರು. ಅಕ್ಕಿ ಮುಗಿಯಿತು, ಉದ್ದು ಮುಗಿಯಿತು. ಮೈಯೆಲ್ಲ ಬೆವರು, ಒಂದು ಕೆಮ್ಮಿಲ್ಲ. ಪಕ್ಕದ ಮನೆಯವಳು ನೆನೆಸಿದ್ದ ಅಕ್ಕಿಯನ್ನೂ ತರಿಸಿದರು, ಅದೂ ಮುಗಿಯಿತು. ಅಷ್ಟರಲ್ಲಿ ಗಂಡು ಮೂರು ಸಲ ನೀರು ಕುಡಿಯಲು ಹಜಾರಕ್ಕೆ ಬಂದ. ಮೂರನೆಯ ಸಲ ಲೋಟ ಮರೆತು ಬಂದಿದ್ದ.

"ಅನ್ನ ಸೇರಲ್ಲ ಅಂದಿದ್ಳಲ್ಲ ಇವಳು," ಎಂದು ಗಂಡಿನ ತಾಯಿ ಎಲೆ ಹಾಕಿಸಿದಳು. ಅಕ್ಕ ಕೋಪದಲ್ಲಿ ಉಂಡಳು. ಸಾಂಬಾರಿಗೆ ಎರಡು ಸಲ, ಸಾರಿಗೆ ಒಂದು ಸಲ, ಮಜ್ಜಿಗೆಗೆ ಎರಡು ಸಲ. ನಾಲ್ಕನೆಯ ಸಲ ಬಡಿಸುವಾಗ ಗಂಡಿನ ತಾಯಿ ಒಳಗೆ ತಿರುಗಿ, ಇನ್ನೊಂದು ಪಾವು ಅಕ್ಕಿ ಹಾಕಿ ಎಂದು ಕೂಗಿದಳು. ಅವಳ ಮುಖದಲ್ಲಿ ಈಗ ಬೇರೆ ಚಿಂತೆ ಕಾಣುತ್ತಿತ್ತು.

ಅಕ್ಕ ಕೈ ತೊಳೆದು ಬಂದು ರವಿಕೆಯೊಳಗಿನ ಸರ್ಟಿಫಿಕೇಟನ್ನು ಅವಳ ಮುಂದಿಟ್ಟಳು.

"ಟ್ರೈನಿಂಗ್ ಸ್ಕೂಲಿಗೆ ಕಳಿಸ್ತೀನಿ ಅಂದಿದ್ರಿ."

ಗಂಡಿನ ತಾಯಿ ಕಾಗದವನ್ನು ಎರಡು ಸಲ ನೋಡಿದಳು. "ಕಳಿಸ್ತೀನಿ. ಬೆಳಿಗ್ಗೆ ರುಬ್ಬಿಟ್ಟು ಹೋಗು."

"ದಿನಾ ಬೆಳಿಗ್ಗೆ ಆಗಲ್ಲ. ವಾರಕ್ಕೆ ಎರಡು ದಿನ."

"ಮೂರು."

"ಎರಡು. ಪರೀಕ್ಷೆ ಇದ್ದಾಗ ಅದೂ ಇಲ್ಲ."

ಮಾತೇ ಆಡದ ಚಿಕ್ಕಪ್ಪ ಕಿಸಕ್ಕೆಂದು ನಕ್ಕ. ಗಂಡಿನ ತಾಯಿ ನಗಲಿಲ್ಲ. ಎದ್ದು ಹೋಗಿ ದೇವರ ಗೂಡಿನ ಮುಂದಿದ್ದ ಮಲ್ಲಿಗೆಯ ಮೊಳವನ್ನು ತಂದು, ಅಕ್ಕನ ತಲೆಯನ್ನು ಗಟ್ಟಿಯಾಗಿ ಬಗ್ಗಿಸಿ ಮುಡಿಸಿದಳು. ಹಾಗೆ ಹೂ ಮುಡಿಸಿದರೆ ಸಂಬಂಧ ನಿಶ್ಚಯವಾಯಿತು ಎಂದರ್ಥ. ಅಪ್ಪನಿಗೆ ಆಗ ಪೂರ್ತಿ ಎಚ್ಚರವಾಯಿತು.

ವಾಪಸು ಬಸ್ಸಿನಲ್ಲಿ ನಾನು ಅಕ್ಕನಿಗೆ ನ್ಯಾಯವಾಗಿಯೇ ಹೇಳಿದೆ. "ನೋಡು, ನಾನು ಸುಳ್ಳು ಹೇಳದಿದ್ರೆ ನೀನು ಅವನನ್ನ ಎರಡು ನಿಮಿಷ ನೋಡ್ತಿದ್ದೆ. ನನ್ನಿಂದ ಎರಡು ಗಂಟೆ ನೋಡಿದೆ."

ಅಕ್ಕ ಅಂಗೈ ಬಿಡಿಸಿ ತೋರಿಸಿದಳು. ನಾಲ್ಕು ಬೊಬ್ಬೆ ಎದ್ದಿದ್ದವು. ಅದೇ ಕೈಯಿಂದ ನನ್ನ ಕೆನ್ನೆಗೆ ಒಂದು ಬಿಗಿದಳು. ಹೊಡೆದದ್ದಕ್ಕೆ ಅವಳಿಗೇ ಹೆಚ್ಚು ನೋವಾಗಿರಬೇಕು, ಬತ್ತಲಗುಂಡಿನವರೆಗೆ ಕೈಗೆ ಊದಿಕೊಳ್ಳುತ್ತಾ ಕೂತಿದ್ದಳು.

ನಮ್ಮೂರಿನ ಬಸ್ ನಿಲ್ದಾಣದಲ್ಲಿ ಅತ್ತೆ ಕಾಯುತ್ತಾ ನಿಂತಿದ್ದಳು. ಮೊದಲು ನೋಡಿದ್ದು ಅಕ್ಕನ ತಲೆಯನ್ನು. ಹೂವಿನ ಮೇಲೆ ಅವಳ ಕಣ್ಣು ನೊಣದಂತೆ ಕೂತಿತು.

"ನಿಮ್ಮ ಮಗನಿಗೆ ಬೇರೆ ಕಡೆ ನೋಡ್ಕೊಳ್ಳಿ, ಅತ್ತೆ," ಎಂದಳು ಅಕ್ಕ.

ಅತ್ತೆ ಬಾಯಲ್ಲಿದ್ದ ಎಲೆಯನ್ನು ಪಕ್ಕಕ್ಕೆ ಉಗಿದು, ನನ್ನನ್ನು ಕಾಲಿನಿಂದ ತಲೆಯವರೆಗೆ, ಮತ್ತೆ ತಲೆಯಿಂದ ಕಾಲಿನವರೆಗೆ ಅಳೆದಳು.

"ಬೇರೆ ಕಡೆ ಯಾಕೆ? ಚಿಕ್ಕೋಳು ಅವ್ಳೆ. ಇನ್ನು ನಾಲ್ಕು ವರ್ಷ, ಕಾಯ್ತೀವಿ."

ನಾನು ಅಕ್ಕನ ಹಿಂದೆ ಸರಿದೆ. ಅವಳು ನನ್ನ ಭುಜ ಹಿಡಿದು ಮತ್ತೆ ಮುಂದಕ್ಕೆ ನಿಲ್ಲಿಸಿದಳು. ಆ ವಾರದಲ್ಲಿ ಮೊದಲ ಸಲ ನಗುತ್ತಿದ್ದಳು.

"ಅದಕ್ಕೇನಂತೆ ಅತ್ತೆ. ಹಲ್ಲು ಗಟ್ಟಿ ಐತೆ, ಮೈಯಲ್ಲಿ ಯಾವ ಸೀಕೂ ಇಲ್ಲ, ನಾನೇ ಸಾಕ್ಷಿ. ಬಾಯಿ ಒಂದೇ ಜಾಸ್ತಿ."

"ಬೆಟ್ಟದ ಮೇಲೆ ಬಾಯಿ ತಾನಾಗೇ ಕಮ್ಮಿ ಆಯ್ತದೆ. ಚಳಿ," ಎಂದಳು ಅತ್ತೆ.

"ಹಂಗಾದ್ರೆ ಸರಿ."

ನನ್ನನ್ನು ನಡುಬೀದಿಯಲ್ಲಿ ನಿಲ್ಲಿಸಿಕೊಂಡು ಇಬ್ಬರೂ ಸಮಾಧಾನವಾಗಿ ತಲೆಯಾಡಿಸಿದರು. ಆ ಇಬ್ಬರು ಒಂದೇ ಮಾತಿಗೆ ಒಪ್ಪಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆ ನಾಲ್ಕು ವರ್ಷದಲ್ಲಿ ಎರಡು ಈಗಾಗಲೇ ಕಳೆದಿವೆ.